ತರಕಾರಿ ಬೇಯಿಸಿದ ನೀರು

ಬೆಳಿಗ್ಗೆ ಹನ್ನೊಂದೂ ಹತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಡಯಟಿಷಿಯನ್ ಬೆಂದ ಆಲೂಗಡ್ಡೆ ಹೋಳುಗಳನ್ನು ತೂಗುತ್ತಿದ್ದಳು. ಒಂದು ಹೋಳು ಹೆಚ್ಚಾಯಿತೆಂದು ತೆಗೆದು, ಇನ್ನೇನು ತನ್ನ ಬಾಯಿಗೇ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಫೋನು ಬಂತು.

"ಮೇಡಂ, ನಿಮ್ಮ ಕಿಡ್ನಿ ಪೇಷಂಟ್, ಆ ಮೆಕ್ಯಾನಿಕ್, ಎಮರ್ಜೆನ್ಸಿಗೆ ಬಂದಿದ್ದಾರೆ," ಎಂದಳು ನರ್ಸ್. "ಪೊಟ್ಯಾಸಿಯಂ ಏಳೂವರೆ."

"ಇನ್ನೊಂದ್ಸಲ ಹೇಳಿ."

"ಏಳೂವರೆ. ಮತ್ತೆ ರಕ್ತ ತೆಗೆದು ನೋಡಿದ್ರು. ಅಷ್ಟೇ ಇದೆ."

ಐದರ ಒಳಗೆ ಇರಬೇಕಾದದ್ದು. ಏಳು ದಾಟಿತೆಂದರೆ ಹೃದಯ ಯಾವ ಗಳಿಗೆಯಲ್ಲಾದರೂ ಲಯ ತಪ್ಪಿ ನಿಂತುಹೋಗಬಹುದು. ಅವಳು ಎಮರ್ಜೆನ್ಸಿಯ ಕಡೆ ಓಡಿದಳು. ಆಲೂಗಡ್ಡೆ ಹೋಳು ಕೈಯಲ್ಲೇ ಇತ್ತು. ಮೆಟ್ಟಿಲು ಇಳಿಯುವಾಗ ನೋಡಿಕೊಂಡು ಕಸದ ಬುಟ್ಟಿಗೆ ಹಾಕಿದಳು.

ರಸಾಯನಶಾಸ್ತ್ರ ಓದಿ, ಆಮೇಲೆ ಆಹಾರದ ಓದಿಗೆ ಹೊರಳಿಕೊಂಡವಳು ಆಕೆ. ಯಾವ ರೋಗಿಗೂ "ಇದು ಬಿಡಿ, ಅದು ಬಿಡಿ" ಎಂದು ಶುರುಮಾಡಿದವಳಲ್ಲ. ನೀವು ನಿನ್ನೆ ಏನು ತಿಂದಿರಿ, ಯಾರು ಅಡುಗೆ ಮಾಡಿದರು, ಎಷ್ಟು ಜನಕ್ಕೆ ಮಾಡಿದರು, ಇಷ್ಟು ಕೇಳಿಯೇ ಮುಂದಿನ ಮಾತು. ಚೀಲದಲ್ಲಿ ಸದಾ ಒಂದು ಪುಟ್ಟ ತಕ್ಕಡಿ. ವಾರ್ಡಿನಲ್ಲೂ, ಶನಿವಾರದ ಬಡಾವಣೆ ಕ್ಲಿನಿಕ್ಕಿನಲ್ಲೂ ಜನ ಅವಳನ್ನು ಕರೆಯುತ್ತಿದ್ದದ್ದು ತಕ್ಕಡಿ ಅಕ್ಕ ಎಂದೇ.

ಮೆಕ್ಯಾನಿಕ್ ಬಸ್ ಡಿಪೋದಲ್ಲಿ ಕೆಲಸ ಮಾಡುವವನು. ಮೂರು ವಾರದ ಹಿಂದೆ ಹೆಂಡತಿಯ ಜೊತೆ ಬಂದಿದ್ದ. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿತ್ತು, ಪೊಟ್ಯಾಸಿಯಂ ಆಗಲೇ ಐದೂವರೆ ಮೀರಿತ್ತು. ಊಟದಲ್ಲಿ ಹತೋಟಿಗೆ ತಂದರೆ ಡಯಾಲಿಸಿಸ್ ಸ್ವಲ್ಪ ಕಾಲ ಮುಂದೆ ಹೋದೀತೆಂದು ಡಾಕ್ಟರ್ ಇವಳ ಹತ್ತಿರ ಕಳಿಸಿದ್ದರು. ಹೆಂಡತಿ ಬಟ್ಟೆ ಹೊಲಿಯುವಾಕೆ. ಹೇಳಿದ್ದನ್ನೆಲ್ಲ ಅಳತೆ ತೆಗೆದುಕೊಳ್ಳುವ ಹಾಗೆ ಕೇಳಿಸಿಕೊಂಡಿದ್ದಳು. ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೀರು ಜಾಸ್ತಿ ಹಾಕಿ ಬೇಯಿಸಿ, ಬಸಿಯಬೇಕು. ದಿನಕ್ಕೆ ಕುಡಿಯುವುದು ಒಟ್ಟು ಒಂದೇ ಲೀಟರ್.

"ಬಸಿಯೋದ್ಯಾಕೆ?" ಎಂದು ಕೇಳಿದ್ದಳು.

ಇಂಥ ಪ್ರಶ್ನೆ ಕೇಳುವವರೆಂದರೆ ತಕ್ಕಡಿ ಅಕ್ಕನಿಗೆ ಪ್ರೀತಿ. "ತರಕಾರೀಲಿರೋ ಖನಿಜವೆಲ್ಲ ನೀರಿಗೆ ಇಳಿದುಬಿಡುತ್ತೆ, ಅದಕ್ಕೆ," ಎಂದು ಹುರುಪಿನಿಂದ ಉತ್ತರಿಸಿದ್ದಳು.

ಈಗ ಎಮರ್ಜೆನ್ಸಿಯಲ್ಲಿ ಮೆಕ್ಯಾನಿಕ್ ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದ. ಮುಖ ಬೂದಿ ಬಣ್ಣ. ತೋಳಿಗೆ ಇಂಜೆಕ್ಷನ್ ಹೋಗುತ್ತಿತ್ತು, ಡಯಾಲಿಸಿಸ್ ಯಂತ್ರ ಸಿದ್ಧವಾಗುತ್ತಿತ್ತು.

"ಬಾಳೆಹಣ್ಣು?" ಎಂದು ಹೆಂಡತಿಯನ್ನು ಕೇಳಿದಳು.

"ಮನೆಗೇ ತಂದಿಲ್ಲ ಅಕ್ಕಾ."

"ಎಳನೀರು? ಹಣ್ಣಿನ ರಸ? ಅಂಗಡಿಯಿಂದ ಪೊಟ್ಯಾಸಿಯಂ ಬೆರೆಸಿದ ಬದಲಿ ಉಪ್ಪು?"

"ಊಹೂಂ. ನೀವು ಹೇಳಿದ್ದು ಚಾಚೂ ತಪ್ಪಿಲ್ಲ. ನಾನೇ ನಿಂತು ನೋಡ್ಕೋತೀನಿ."

ನರ್ಸ್ ಹಿಂದಿನಿಂದ ಹುಬ್ಬು ಹಾರಿಸಿದಳು: ಎಲ್ಲರೂ ಹೇಳೋದು ಹೀಗೇ. ಆದರೆ ಆ ಹೆಂಗಸಿನ ಮುಖದಲ್ಲಿ ಸುಳ್ಳಿರಲಿಲ್ಲ.

"ಬಾಯಿ ಒಣಗ್ತಿದೆ ಕಣೇ," ಎಂದ ಮೆಕ್ಯಾನಿಕ್.

ಹೆಂಡತಿ ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಬಗ್ಗಿಸಿದಳು. ಹಸಿರು ಮಿಶ್ರಿತ ಮಬ್ಬು ನೀರು, ಹಬೆಯಾಡುತ್ತಿತ್ತು. ಅವನು ತುಟಿಗಿಟ್ಟಿದ್ದ.

"ಏನದು?"

"ನೀವೇ ಹೇಳಿದ್ರಲ್ಲ ಅಕ್ಕಾ, ತರಕಾರಿ ನೀರು. ಖನಿಜವೆಲ್ಲ ಇದರಲ್ಲೇ ಇರುತ್ತೆ ಅಂತ. ಬರೀ ನೀರು ಕುಡಿದು ಲೀಟರ್ ಯಾಕೆ ಹಾಳುಮಾಡ್ಬೇಕು ಅಂತ ಇದನ್ನೇ ಅಳೆದು ಕೊಡ್ತಿದೀನಿ. ಮನೇಲಿ ಆರು ಜನ. ಅಷ್ಟೂ ಜನರ ತರಕಾರೀನ ಒಟ್ಟಿಗೇ ಬೇಯಿಸ್ತೀನಿ, ನೀರನ್ನ ಮಾತ್ರ ಮಕ್ಕಳಿಗೂ ಕೊಡಲ್ಲ. ಎಲ್ಲಾ ಇವರಿಗೇ."

ತಕ್ಕಡಿ ಅಕ್ಕ ಮುಚ್ಚಳವನ್ನು ಕಿತ್ತುಕೊಂಡ ರಭಸಕ್ಕೆ ಅರ್ಧ ನೀರು ಅವಳ ಮುಂಗೈ ಮೇಲೆಯೇ ಚೆಲ್ಲಿತು. ಬಿಸಿ ತಾಗಿದ್ದೂ ಗೊತ್ತಾಗಲಿಲ್ಲ. ಆರು ಜನರ ತರಕಾರಿಯ ಪೊಟ್ಯಾಸಿಯಂ, ಮೂರು ವಾರ, ಒಬ್ಬನೇ ಮನುಷ್ಯನ ಹೊಟ್ಟೆಗೆ.

"ನಾನು ಅವತ್ತೇ ಅಂದೆ," ಎಂದು ಮೆಕ್ಯಾನಿಕ್ ಕ್ಷೀಣವಾಗಿ ಗೊಣಗಿದ. "ಇಂಜಿನ್ ತೊಳೆದ ನೀರಿದ್ದ ಹಾಗಿದೆ ಅಂತ. ಯಾರು ಕೇಳ್ತಾರೆ?"

ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅರ್ಥವಾಗುತ್ತ ಬಂದಂತೆ ಫ್ಲಾಸ್ಕನ್ನು ನೆಲದ ಮೇಲಿಟ್ಟು ದೂರ ತಳ್ಳಿದಳು. "ಹಾಗಾದ್ರೆ ನಾನೇ... ನನ್ನ ಕೈಯಾರೆ..."

"ನೀವಲ್ಲಮ್ಮ." ತಕ್ಕಡಿ ಅಕ್ಕ ಅವಳ ಕೈಯನ್ನು ಹಿಡಿದುಕೊಂಡಳು. "ಬಸೀರಿ ಅಂತ ಹೇಳಿ ನಿಲ್ಲಿಸಿದವಳು ನಾನು. ಆ ನೀರು ವಿಷ, ಮೋರಿಗೆ ಚೆಲ್ಲಿ ಅಂತ ಹೇಳ್ಲಿಲ್ಲ. ಒಳ್ಳೇದನ್ನ ಗಂಡನಿಗೆ ಉಳಿಸಿದ್ರಿ, ಅಷ್ಟೇ."

ಯಂತ್ರ ಅವನ ರಕ್ತವನ್ನು ನಾಲ್ಕು ಗಂಟೆ ತೊಳೆಯಿತು. ಸಂಜೆಯ ಹೊತ್ತಿಗೆ ಪೊಟ್ಯಾಸಿಯಂ ಇಳಿಯಿತು, ಜೀವ ಉಳಿಯಿತು. ಹೆಂಡತಿ ಬೆಂಚಿನ ಮೇಲೆ ಕೂತವಳು ಕೂತಂತೆಯೇ ಅತ್ತಳು.

ತಕ್ಕಡಿ ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. ಇದೇ ಮಾತನ್ನು, ಇದೇ ಹುರುಪಿನಲ್ಲಿ, ಅವಳು ಇನ್ನೆಷ್ಟೋ ಮನೆಗಳಿಗೆ ಹೇಳಿ ಕಳಿಸಿದ್ದಳು. ಮಾರನೆಯ ದಿನ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತಳು. ಎಲ್ಲರಿಗೂ ಒಂದೇ ಪ್ರಶ್ನೆ: ತರಕಾರಿ ಬೇಯಿಸಿದ ನೀರನ್ನ ಏನು ಮಾಡ್ತೀರಿ? ಉತ್ತರಗಳನ್ನು ಒಂದೊಂದಾಗಿ ಬರೆದುಕೊಂಡಳು.

ವಾರದ ಸಭೆಯಲ್ಲಿ ಕಿಡ್ನಿ ಡಾಕ್ಟರ್ ಸಮಾಧಾನ ಹೇಳಲು ನೋಡಿದರು. "ಎಲ್ಲೋ ಒಂದು ಮನೇಲಿ ಎಡವಟ್ಟಾಯ್ತು. ಇಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ."

ಅವಳು ಎದ್ದು ನಿಂತಳು.

"ಅರವತ್ತೆರಡು ಮನೆಗೆ ಫೋನ್ ಮಾಡಿದೆ ಸರ್. ಆ ನೀರನ್ನ ರೋಗಿಗೇ ಕುಡಿಸ್ತಿದ್ದ ಮನೆಗಳು ಹದಿನೇಳು."