ಬಾಬಣ್ಣನ ಹಡಗಿನ ಇಂಗ್ಲಿಷ್

ಇವತ್ತು ಬೆಳಿಗ್ಗೆ ಮೇಜಿನ ಕೆಳಖಾನೆ ಎಳೆದಾಗ ಡಾಂಬರಿನ ವಾಸನೆ ಬಂತು. ಹುಡುಕುತ್ತಿದ್ದದ್ದು ಪಾಸ್‌ಪೋರ್ಟಿನ ನಕಲು, ಸಿಕ್ಕಿದ್ದು ಗೇಣುದ್ದದ ಹಗ್ಗ. ಅದರ ತುದಿ ಬಿಚ್ಚಿಕೊಳ್ಳದಂತೆ ಸಣ್ಣ ದಾರದಿಂದ ಬಿಗಿಯಾಗಿ ಸುತ್ತಿದೆ. ಆರೇಳು ವರ್ಷವಾದರೂ ಒಂದು ಎಳೆ ಸಡಿಲಾಗಿಲ್ಲ. ಬಾಬಣ್ಣ ಕಟ್ಟಿದ್ದು.

ನಾನು ಸಾಕ್ಷ್ಯವಿಲ್ಲದೆ ಏನನ್ನೂ ನಂಬುವವನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಕಪ್ ಗೆದ್ದಿದ್ದೇನೆ. ಅವುಗಳಲ್ಲೊಂದರಲ್ಲಿ ಅಮ್ಮ ಈಗ ಸಾಸಿವೆ ಇಡುತ್ತಾಳೆ, ಅದು ಬೇರೆ ಮಾತು.

ಆಗ ನಾವು ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದೆವು. ಸತ್ವಾ ಎಂಬ ಬಡಾವಣೆಯ ಹಳೆಯ ವಿಲ್ಲಾವೊಂದರಲ್ಲಿ, ಪ್ಲೈವುಡ್ ಹೊಡೆದು ಮಾಡಿದ ಕೋಣೆಯಲ್ಲಿ ನಮ್ಮಿಬ್ಬರ ಮಂಚ. ಮಲ್ಪೆ ಕಡೆಯ ಬಾಬಣ್ಣ ಅರ್ಧ ಆಯುಷ್ಯ ಸರಕು ಹಡಗುಗಳಲ್ಲಿ ಕಳೆದು, ಜೆಬೆಲ್ ಅಲಿಯ ಒಂದು ಯಾರ್ಡಿನಲ್ಲಿ ಕ್ರೇನಿಗೆ ಸನ್ನೆ ಮಾಡುವ ಕೆಲಸಕ್ಕಿದ್ದರು. ಅದೇ ಕಂಪನಿಯ ಆಫೀಸಿನಲ್ಲಿ ನಾನು ಕಾಗದ ತಿರುವುತ್ತಿದ್ದೆ. ಅವರು ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಲ್ಲ, ಡೆಕ್ಕಿನ ಮೇಲೆ, ಮುದುಕ ನಾವಿಕರ ಬಾಯಿಂದ. ನಿಲ್ಲಿಸು ಅನ್ನಲು 'ಅವಾಸ್ಟ್'. ನಿಧಾನವಾಗಿ, ಜೋಪಾನವಾಗಿ ಅನ್ನಲು 'ಹ್ಯಾಂಡ್ಸಮ್ಲಿ'. ಕಂಪನಿ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಸೀಟಿನಿಂದ "ಹ್ಯಾಂಡ್ಸಮ್ಲಿ, ಹ್ಯಾಂಡ್ಸಮ್ಲಿ!" ಎಂದು ಕೂಗುತ್ತಿದ್ದರು. ಡ್ರೈವರ್ ತನ್ನ ರೂಪದ ಹೊಗಳಿಕೆಯೆಂದು ತಿಳಿದು ಕನ್ನಡಿ ನೋಡಿಕೊಳ್ಳುತ್ತಿದ್ದ.

ಒಂದು ದಿನ ಅವರು 'ಪೋಷ್' ಎಂಬ ಮಾತಿನ ಕತೆ ಹೇಳಿದರು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಹಡಗಿನ ಎಡಬದಿಯ ಕೋಣೆಗೆ ನೆರಳು, ಹಿಂತಿರುಗುವಾಗ ಬಲಬದಿಗೆ. ಶ್ರೀಮಂತರು ಎರಡನ್ನೂ ಕಾದಿರಿಸುತ್ತಿದ್ದರಂತೆ, ಟಿಕೆಟ್ಟಿನ ಮೇಲೆ 'ಪೋರ್ಟ್ ಔಟ್, ಸ್ಟಾರ್ಬೋರ್ಡ್ ಹೋಮ್' (ಹೋಗುವಾಗ ಎಡ, ಬರುವಾಗ ಬಲ) ಎಂಬುದರ ನಾಲ್ಕು ಇಂಗ್ಲಿಷ್ ಮೊದಲಕ್ಷರ, ಪಿ-ಓ-ಎಸ್-ಎಚ್, ಬೀಳುತ್ತಿತ್ತಂತೆ. ನಾನು ಬಿಟ್ಟೇನೆಯೇ? ಅಂಥ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ ಎಂದು ಮೊಬೈಲ್ ತೆರೆದು ತೋರಿಸಿದೆ. ನನ್ನ ಈ ವಾದದ ಚಟಕ್ಕೇ ಅವರು ನನ್ನನ್ನು ಲಾಯರ್ ಎಂದು ಕರೆಯುತ್ತಿದ್ದದ್ದು.

"ಎಂತ ಲಾಯರ್, ಸಿಗ್ಲಿಲ್ಲ ಅಂದ್ರೆ ಇರ್ಲಿಲ್ಲ ಅಂತ ಲೆಕ್ಕವಾ? ಸಮುದ್ರಕ್ಕೆ ಬಿದ್ದಿರ್ಬಹುದು ಮಾರಾಯ."

ಗೆದ್ದ ಉಮೇದಿನಲ್ಲಿ 'ಹ್ಯಾಂಡ್ಸಮ್ಲಿ'ಯನ್ನೂ ಉರುಳಿಸಲು ನಿಘಂಟು ತೆರೆದೆ. ಅದು ಅವರು ಹೇಳಿದಂತೆಯೇ ಇತ್ತು. ಈ ಸಂಗತಿಯನ್ನು ನಾನು ಎರಡು ದಿನ ಮುಚ್ಚಿಟ್ಟೆ ಎಂದು ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಕಂಪನಿಯ ಸುತ್ತೋಲೆ ಬಂತು: ಕ್ರೇನಿನ ಸನ್ನೆಯವರೆಲ್ಲ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಡಬೇಕು, ತಪ್ಪಿದವರ ವೀಸಾ ಕ್ಯಾನ್ಸಲ್. ಬಾಬಣ್ಣ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

"ಕ್ಯಾನ್ಸಲ್ ಆದ್ರೆ ಹೋಗುವ, ಅದೆಂತ ದೊಡ್ಡದಲ್ಲ. ಆದ್ರೆ ಇಷ್ಟು ವರ್ಷ ಹಗ್ಗ ಹಿಡಿದವನನ್ನು ಮಾತು ಬರೂದಿಲ್ಲ ಅಂತ ಕಳಿಸಿದ್ರು ಅಂತ ಆಗ್ಬಾರ್ದು."

ಇವರನ್ನು ಪಾಸು ಮಾಡಿಸಿಯೇ ಸಿದ್ಧ ಎಂದು ಆವತ್ತೇ ನಿರ್ಧರಿಸಿದೆ. ರಜೆಯ ಶುಕ್ರವಾರಗಳೆಲ್ಲ ಪಾಠಕ್ಕೆ. ಅವಾಸ್ಟ್ ಹೋಗಿ ಸ್ಟಾಪ್ ಬಂತು, ಹ್ಯಾಂಡ್ಸಮ್ಲಿ ಹೋಗಿ ಸ್ಲೋ. ಮಾತುಗಳನ್ನು ಸುಲಭವಾಗಿ ಬಿಟ್ಟುಕೊಟ್ಟರು. ಬಿಡದೆ ಹಿಡಿದದ್ದು ಒಂದು ಅಭ್ಯಾಸವನ್ನು. ಏನು ಕೇಳಿದರೂ ಮೊದಲು ಅದನ್ನೇ ತಿರುಗಿ ಹೇಳಿ ಆಮೇಲೆ ಉತ್ತರಿಸುತ್ತಿದ್ದರು. "ಉಪ್ಪು ಕೊಡಿ" ಅಂದರೆ "ಉಪ್ಪು ಕೊಡ್ಬೇಕು" ಎಂದು ಹೇಳಿಯೇ ಡಬ್ಬಿ ಮುಟ್ಟುವವರು.

"ಹೀಗೆ ಮಾಡಿದರೆ ನಿಮಗೆ ಕಿವಿ ಮಂದ ಅಂತ ಬರೀತಾನೆ. ನೇರವಾಗಿ ಉತ್ತರ ಕೊಡಿ," ಅಂದೆ.

"ತಿರುಗಿ ಹೇಳದಿದ್ರೆ, ನನಗೆ ಎಂತ ಕೇಳಿದೆ ಅಂತ ಹೇಳಿದವನಿಗೆ ಗೊತ್ತಾಗುದು ಹೇಗೆ? ಹಡಗಿನಲ್ಲಿ ಎಲ್ಲ ಹಾಗೇ."

ನಾನು ಮೂರು ಅಂಶ ಮಂಡಿಸಿದೆ. ಅವರಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಆದರೂ "ಓದಿದವ ಹೇಳ್ತಿ, ಆಯ್ತು" ಎಂದು ಸೋತರು. ನನ್ನ ಗೆಲುವುಗಳಲ್ಲೆಲ್ಲ ಅತಿ ಕೆಟ್ಟದ್ದು ಅದೇ.

ಪರೀಕ್ಷೆಯ ದಿನ ಕಾಗದಪತ್ರ ಹಿಡಿದು ನಾನೂ ಯಾರ್ಡಿನ ಹಳದಿ ಗೆರೆಯಾಚೆ ನಿಂತಿದ್ದೆ. ಕ್ರೇನಿನಲ್ಲಿ ದೊಡ್ಡ ಮರದ ಪೆಟ್ಟಿಗೆ ತೂಗುತ್ತಿತ್ತು. ಪರೀಕ್ಷಕರು ವಾಕಿಟಾಕಿಯಲ್ಲಿ, ಎರಡು ಮೀಟರ್ ಇಳಿಸಿ ಅಂದರು. ಬಾಬಣ್ಣ ಮಾತಾಡದೆ ಕೈಸನ್ನೆ ಮಾಡಿದರು, ಪೆಟ್ಟಿಗೆ ಇಳಿಯತೊಡಗಿತು. ಪರೀಕ್ಷಕರು ತಕ್ಷಣ ನಿಲ್ಲಿಸಿದರು.

"ನನ್ನ ಆದೇಶವನ್ನು ನೀವು ಖಚಿತಪಡಿಸಲಿಲ್ಲ. ಇನ್ನೊಮ್ಮೆ ಹೀಗಾದರೆ ಫೇಲ್."

ಬಾಬಣ್ಣ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. ಗೆರೆಯಾಚೆಯವರು ಬಾಯಿ ಬಿಡಬಾರದು ಎಂಬ ನಿಯಮ ನನಗೆ ಗೊತ್ತಿತ್ತು.

"ಬಾಬಣ್ಣ, ನಾನು ಹೇಳಿಕೊಟ್ಟದ್ದು ತಪ್ಪು! ನಿಮ್ಮ ಹಾಗೇ ಮಾಡಿ!" ಎಂದು ಕೂಗಿದೆ. ಜೀವನದಲ್ಲಿ 'ನಾನು ತಪ್ಪು' ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಪರೀಕ್ಷಕರು ನನ್ನನ್ನು ಗೇಟಿನ ಹೊರಗೆ ಕಳಿಸಿದರು.

ಬೇಲಿಯ ಜಾಲರಿಗೆ ಮುಖ ಒತ್ತಿ ನಿಂತೆ. ಆದೇಶ ಮತ್ತೆ ಬಂತು. ಬಾಬಣ್ಣನ ಬೆನ್ನು ನೆಟ್ಟಗಾಯಿತು. ಹಡಗಿನ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲಿ ಇಡೀ ಆದೇಶವನ್ನು ತಿರುಗಿ ಹೇಳಿ, ಕೊನೆಗೊಂದು ಮಾತು ಸೇರಿಸಿದರು: "ಹ್ಯಾಂಡ್ಸಮ್ಲಿ, ಸರ್!"

ಪರೀಕ್ಷಕರು ಪೆನ್ನು ಎತ್ತಿ, ಹಾಗಂದರೇನು ಎಂದು ಕೇಳಿದರು.

"ಹಾಗಂದರೇನು, ಸರ್? ಸ್ಲೋ, ವಿತ್ ಕೇರ್, ಸರ್," ಅಂದರು ಬಾಬಣ್ಣ. ಪ್ರಶ್ನೆಯನ್ನೂ ಬಿಡಲಿಲ್ಲ.

ಪರೀಕ್ಷಕರು ನಗಲಿಲ್ಲ. ಮುಂದುವರಿಸಿ ಎಂದರು. ಪೆಟ್ಟಿಗೆ ನೆಲ ಮುಟ್ಟಿದ ಸದ್ದೂ ನನಗೆ ಕೇಳಿಸಲಿಲ್ಲ. ಪಾಸಾದರು. ಮತ್ತೆ ಎರಡು ವರ್ಷ ಕೆಲಸ ಮಾಡಿ, ತಾವಾಗಿ ರಾಜೀನಾಮೆ ಕೊಟ್ಟು ಊರಿಗೆ ಹೋದರು. ಹೋಗುವ ದಿನ ಈ ಹಗ್ಗ ಕೈಗಿತ್ತರು. "ಬಿಟರ್ ಎಂಡ್ ಅಂದ್ರೆ ಇದು, ಹಡಗಿನ ಗೂಟಕ್ಕೆ ಕಟ್ಟುವ ತುದಿ. ಉಳಿದ ಹಗ್ಗ ಎಲ್ಲ ಸಮುದ್ರಕ್ಕೆ ಹೋದ್ರೂ ಇದು ನಮ್ಮ ಹತ್ರ ಇರ್ಬೇಕು. ನಿಘಂಟು ನೋಡ್ಕೋ ಲಾಯರ್."

ನೋಡಿಕೊಂಡೆ. ಸರಿಯಾಗಿತ್ತು. ಈ ಸಲ ಮುಚ್ಚಿಡಲಿಲ್ಲ.

ಇವತ್ತು ಬೆಳಿಗ್ಗೆ ಪಾಸ್‌ಪೋರ್ಟಿನ ನಕಲನ್ನು ಮರೆತು ಮಲ್ಪೆಗೆ ಫೋನ್ ಮಾಡಿದೆ.

"ಬಾಬಣ್ಣ, ನಿಮ್ಮ ಹಗ್ಗ ಸಿಕ್ಕಿತು."

"ಹಗ್ಗ ಸಿಕ್ಕಿತು," ಅಂದರು ಆ ಕಡೆಯಿಂದ. "ಒಳ್ಳೇದಾಯ್ತು. ಮತ್ತೆ ಲಾಯರ್, ಆ ಪೋಷ್ ಟಿಕೆಟಿನ ವಿಷಯ ನನಗೆ ಇನ್ನೂ ಒಪ್ಪಿಗೆ ಇಲ್ಲ, ಗೊತ್ತುಂಟಾ?"

ನನ್ನ ನಾಲಿಗೆಯ ತುದಿಯಲ್ಲಿ ಮೂರು ಅಂಶ ಸಾಲಾಗಿ ನಿಂತವು. ಹಗ್ಗದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

"ಟಿಕೆಟ್ ಸಿಗಲಿಲ್ಲ ಅಂದ ಮಾತ್ರಕ್ಕೆ ಟಿಕೆಟ್ಟೇ ಇರಲಿಲ್ಲ ಅನ್ನಲಾಗದು ಅಂತ ನಿಮ್ಮ ವಾದ. ಸರಿಯಾಗಿ ಕೇಳಿಸಿಕೊಂಡೆನಾ?"

"ಸರಿ ಉಂಟು," ಅಂದರು ಬಾಬಣ್ಣ.

"ಹಾಗಾದರೆ ಈಗ ನನ್ನ ಉತ್ತರ ಕೇಳಿ."