ಬೆಳಕಿಂಡಿಯಿಂದ ಇಳಿದ ತಂತಿ

ಮದುವೆಯ ಮುಹೂರ್ತಗಳು ಮುಗಿದು ಆಷಾಢ ಹಿಡಿಯಿತೆಂದರೆ ಸುಂಕಪ್ಪನ ಮೈಕ್ ಸೆಟ್ಟು ಮೂಲೆ ಸೇರುತ್ತಿತ್ತು. ಹಾರ್ನುಗಳನ್ನು ಅವನ ಹೆಂಡತಿ ಗಾದಿಲಿಂಗಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸುವಳು. ಬ್ಯಾಟರಿ ಮಾತ್ರ ನಡುಮನೆಯಲ್ಲಿ, ಬೆಳಕಿಂಡಿಯ ಕೆಳಗೆ, ಹಲಗೆಯ ಮೇಲೆ ಕೂರುವುದು. ಕೆಲಸವಿಲ್ಲದೆ ಕೂತದ್ದು ತನ್ನಷ್ಟಕ್ಕೆ ತಾನೇ ಬರಿದಾಗುತ್ತಿತ್ತು. ಹಾಲಹರವಿ ಸೀಮೆಯ ಆ ಹಳ್ಳಿಯಲ್ಲಿ ಅವರ ಮನೆಗೆ ಕರೆಂಟಿಲ್ಲ. ಬಸ್ಸಿನ ಮೇಲೆ ಹಾಕಿಕೊಂಡು ಆದೋನಿಗೆ ಒಯ್ದು ಚಾರ್ಜಿಗೆ ಇಟ್ಟರೂ ಹಾಗೆ ಬರಿದಾದ ಬ್ಯಾಟರಿಯಲ್ಲಿ ಮೊದಲಿನ ಕಸುವು ಉಳಿಯುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ಚಿಪ್ಪಗಿರಿಯ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೇ ಹಾರ್ನು ಬಾಯಿ ಕಟ್ಟಿ ನಿಂತಿತು. ಬೀಗಿತ್ತಿಯರು ಬಾಯಿಗೆ ಸೆರಗಿಟ್ಟು ನಕ್ಕರು. ಅಂದಿನಿಂದ ಸುಂಕಪ್ಪ, ಇನ್ನೊಂದು ಸಲ ಹೀಗಾದರೆ ಸೆಟ್ಟು ಮಾರಿ ಕೂಲಿಗೆ ಹೋಗುವೆನೆಂದು ಹೇಳತೊಡಗಿದ್ದ.

ಗಾದಿಲಿಂಗಮ್ಮನಿಗೆ ಆ ಮಾತು ಎದೆಯಲ್ಲಿ ಕೂತಿತ್ತು. ಹೊಲದಲ್ಲಿ ಕಳೆ ತೆಗೆಯುವಾಗ ಪಕ್ಕದೂರಿನಿಂದ ಗಾಳಿಯ ಮೇಲೆ ಹಾಡು ತೇಲಿ ಬಂದರೆ ಅವಳು ಕೈ ನಿಲ್ಲಿಸಿ ಕೇಳುವಳು. ತಮ್ಮ ಹಾರ್ನಿನ ಅಂಚಿನಲ್ಲೊಂದು ಸೀಳಿತ್ತು. ದನಿ ಮೇಲೇರಿದಾಗ ಅದರ ತುದಿ ತುಸು ನಡುಗುತ್ತಿತ್ತು. ಆ ನಡುಕ ಕೇಳಿದರೆ ಅವಳಿಗೆ ಹೊಲ, ಬಿಸಿಲು, ಸೊಂಟದ ನೋವು ಎಲ್ಲ ಮರೆತುಹೋಗುತ್ತಿತ್ತು.

ಎಂಬತ್ತೆಂಟನೆಯ ಇಸವಿಯಲ್ಲಿ, ಆಷಾಢ ಇನ್ನೇನು ಬರಬೇಕು ಎನ್ನುವಾಗ, ಆದೋನಿಯ ಬ್ಯಾಟರಿ ಅಂಗಡಿಯ ಸೇತುಮಾಧವರಾಯರು ಬಿಸಿಲಿನಿಂದಲೇ ಚಾರ್ಜು ಮಾಡುವ ಪ್ಲೇಟು ಬಂದಿದೆಯೆಂದು ಹೇಳಿ ಕಳಿಸಿದರು. ಗಂಡ ಹೆಂಡತಿ ಇಬ್ಬರೂ ಹೋದರು. ರಾಯರು ಎರಡು ಪ್ಲೇಟುಗಳನ್ನು ಗೋಡೆಗೆ ಒರಗಿಸಿ ತೋರಿಸಿದರು. ಒಂದು ಕಿಟಕಿಯ ಕದದಷ್ಟು ದೊಡ್ಡದು, ಇನ್ನೊಂದು ಮಕ್ಕಳ ಸ್ಲೇಟಿನಷ್ಟು. ಎರಡೂ ಕಪ್ಪುನೀಲಿ. ಸಂಜೆಯ ಬಾವಿಯೊಳಗೆ ಬಗ್ಗಿ ನೋಡಿದಂತಾಯಿತು ಗಾದಿಲಿಂಗಮ್ಮನಿಗೆ.

ಸುಂಕಪ್ಪ ದೊಡ್ಡದರ ಮುಂದೆಯೇ ನಿಂತ. “ಈ ಸಣ್ಣದು ಏನ್ ಹೊಟ್ಟಿ ತುಂಬಿಸೀತ್ರಿ ಅದಕ್ಕ?”

ದಿನಾ ದುಡಿಯುವ ಬ್ಯಾಟರಿಗೆ ದೊಡ್ಡದು ಸರಿ ಎಂದರು ರಾಯರು. ಸುಮ್ಮನೆ ಕೂತದ್ದಕ್ಕೆ ಅದನ್ನೇ ಹಚ್ಚಿಟ್ಟರೆ, ತುಂಬಿದ ಮೇಲೂ ತುಂಬುತ್ತ ಒಳಗಿನ ನೀರು ಕುದಿದು ಬತ್ತುತ್ತದೆ. ಸಣ್ಣದಾದರೆ ಸೋರಿದಷ್ಟನ್ನೇ ಮೆಲ್ಲಗೆ ತುಂಬುತ್ತದೆ.

ಗಾದಿಲಿಂಗಮ್ಮ ಕೇಳಿದಳು: “ಹಾಲು ಕೆಡಬಾರ್ದಂತ ಕುಳ್ಳಿನ ಕಾವಿನ್ಯಾಗ ಇಡ್ತೀವಲ್ಲ, ಉಕ್ಕಬಾರ್ದು, ಆರಬಾರ್ದು. ಹಂಗೇನ್ರಿ ಸ್ವಾಮಿ?”

“ಹಂಗ ನೋಡಮ್ಮಾ.”

“ಹಂಗಾರ ಸಣ್ಣದ ಕೊಡ್ರಿ.”

“ಆತು, ಹಾಲು ಕಾಯ್ಸಾಕೀನ ಪ್ಲೇಟೂ ಆರಿಸ್ಲಿ,” ಎಂದ ಸುಂಕಪ್ಪ, ಅರ್ಧ ನಗು ಅರ್ಧ ಮುನಿಸಿನಲ್ಲಿ. “ಶ್ರಾವಣಕ್ಕ ಹಾರ್ನು ಮಾತಾಡ್ಲಿಲ್ಲಂದ್ರ ಸೆಟ್ಟು ನೀನ ಹೊತ್ಕೊಂಡು ಹೋಗಿ ಮಾರಿ ಬಾ.”

ಪ್ಲೇಟು ಮಾಳಿಗೆ ಏರಿತು. ತಂತಿ ಬೆಳಕಿಂಡಿಯಿಂದ ಬ್ಯಾಟರಿಗೆ ಇಳಿಯಿತು. ತಂತಿಯ ತುದಿಯಲ್ಲಿ ಕಾಳಿನಷ್ಟು ಕೆಂಪು ದೀಪವಿತ್ತು, ಅದು ಉರಿದರೆ ಚಾರ್ಜು ಹೋಗುತ್ತಿದೆ ಎಂದು ಗುರುತು. ಹೊಸ ವಸ್ತುವೆಂದು ಸುಂಕಪ್ಪ ಪ್ಲೇಟಿನ ತುಂಬ ದಪ್ಪಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದ. ದೀಪ ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಮಾಳಿಗೆಗೆ ಹೋದ ಗಾದಿಲಿಂಗಮ್ಮ ಆ ಬಿಳಿಯ ಪಟ್ಟೆಗಳನ್ನು ಬಹಳ ಹೊತ್ತು ನೋಡಿದಳು. ಮನಸ್ಸಿನಲ್ಲೇ ತಪ್ಪಾಯಿತೆಂದು ಕೈಮುಗಿದು ಒದ್ದೆ ಸೆರಗಿನಿಂದ ಒರೆಸಿ, ಅದೇ ವಿಭೂತಿಯನ್ನು ಅಂಚಿನ ತಗಡಿಗೆ ಹಚ್ಚಿದಳು. ಇಳಿದು ಬಂದರೆ ದೀಪ ಉರಿಯುತ್ತಿತ್ತು.

“ದೇವರ ಕಣ್ಣ ಮುಂದ ಪೂಜಿ ಅಳಿಸಿದಿ,” ಎಂದ ಗಂಡ ಎರಡು ದಿನ ಮಾತು ಬಿಟ್ಟ. ಅವಳಿಗೂ ಒಳಗೆ ಅಳುಕಿತ್ತು.

ಆಷಾಢದ ಗಾಳಿ ಮೋಡಗಳನ್ನು ಹೊತ್ತು ತಿರುಗಿತು. ಮೋಡ ಬಂದರೆ ದೀಪ ಕಣ್ಣು ಮುಚ್ಚುವುದು, ಹೋದರೆ ತೆರೆಯುವುದು. ಮಧ್ಯಾಹ್ನ ಗಾದಿಲಿಂಗಮ್ಮ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಬೆಳಕಿಂಡಿಯಿಂದ ಬೀಳುವ ಬಿಸಿಲುಕೋಲು ಮೆಲ್ಲಗೆ ಸರಿಯುವುದನ್ನು ನೋಡುವಳು. ಅರೆನಿದ್ದೆಯಲ್ಲಿ ಅನ್ನಿಸುವುದು: ಸೂರ್ಯ ತನ್ನ ಮನೆಗೆ ಎರಡು ದಾರಿಯಲ್ಲಿ ಇಳಿಯುತ್ತಾನೆ. ಒಂದು ದಾರಿಯವನು ಸಂಜೆಗೆ ಎದ್ದು ಹೋಗುತ್ತಾನೆ, ತಂತಿ ಹಿಡಿದು ಬಂದವನು ಇಲ್ಲೇ ಉಳಿಯುತ್ತಾನೆ.

ಶ್ರಾವಣದ ಮೊದಲ ಮದುವೆ ಹಳ್ಳದಾಚೆಯ ಊರಲ್ಲಿತ್ತು. ಸುಂಕಪ್ಪ ಬಂಡಿಗೆ ಹಾರ್ನು, ಬ್ಯಾಟರಿ ಏರಿಸಿದ. ಅವಳು ಕಳೆ ತೆಗೆಯುವ ಕುರುಪಿ ಹಿಡಿದು ಹೊಲಕ್ಕೆ ಹೋದಳು. ಅಂದು ಮೋಡ ಮುಸುಕಿ ಸೂರ್ಯನ ಸುಳಿವೇ ಇರಲಿಲ್ಲ. ಮುಹೂರ್ತದ ಹೊತ್ತು ಬಂತು. ಹಳ್ಳದ ಕಡೆಯಿಂದ ಗಾಳಿ ಬಂತು, ಬರಿಯ ಗಾಳಿ. ಅವಳು ಬಗ್ಗಿ ಒಂದು ಸಾಲು ಮುಗಿಸಿದಳು.

ಆಮೇಲೆ ಸಜ್ಜೆಯ ಪೈರಿನ ಮೇಲಿಂದ ಹಾಡುವ ಒಂದು ಹೆಣ್ಣುದನಿ ಬಂತು. ಅದು ಮೇಲೇರಿದಾಗ ತುದಿ ತುಸು ನಡುಗಿತು.

ಗಾದಿಲಿಂಗಮ್ಮ ಕುರುಪಿ ನೆಲಕ್ಕಿಟ್ಟು ನಿಂತಳು. ಆಷಾಢವೆಲ್ಲ ತನ್ನ ಮಾಳಿಗೆಯ ಮೇಲೆ ಬಿದ್ದ ಬಿಸಿಲು ಈಗ ಮೋಡದ ಕೆಳಗೆ, ಹೊಲ ದಾಟಿ, ತನ್ನ ಕಿವಿಯವರೆಗೆ ಬರುತ್ತಿತ್ತು.