ಟೈಲರಮ್ಮನ ನಾಲ್ಕು ಟೈರು

ಕಾರು ಹತ್ತುವ ಮುಂಚೆ ಟೈಲರಮ್ಮ ಅದಕ್ಕೆ ಒಂದು ಸುತ್ತು ಬರುತ್ತಿದ್ದಳು. ಕೈಯಲ್ಲಿ ಸ್ವೆಟರ್ ಹೆಣೆಯುವ ಒಂದು ಹಳೆಯ ಕಡ್ಡಿ. ಒಂದೊಂದು ಚಕ್ರದ ಎದುರೂ ಕುಕ್ಕರಗಾಲಲ್ಲಿ ಕೂತು, ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲುಗಳನ್ನು ಮೀಟಿ ತೆಗೆದು, ಸೊಂಟ ಹಿಡಿದು ಎದ್ದು, ಮುಂದಿನ ಚಕ್ರಕ್ಕೆ ಹೋಗುವಳು. ಮಳೆಯಿರಲಿ, ಮಂಡಿ ನೋವಿರಲಿ, ಮದುವೆ ಬಟ್ಟೆ ಕೊಡುವ ಗಡಿಬಿಡಿಯಿರಲಿ, ಒಂದು ದಿನವೂ ತಪ್ಪಿದ್ದಲ್ಲ. ಮೊದಲೆಲ್ಲ ಗಂಡ ಒಳಗಿನ ಸೀಟಿನಿಂದ ತಲೆ ಹೊರಹಾಕಿ, “ಪ್ರದಕ್ಷಿಣೆ ಮುಗೀತೇನೇ? ಇಲ್ಲಾ ಉರುಳುಸೇವೆನೂ ಉಂಟೋ?” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದ. ಎದುರು ಮನೆಯವರು ಪರದೆ ಸರಿಸಿ ನಗುತ್ತಿದ್ದರು.

ಅಂಥ ಗಂಟಲು ಅವನದು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮುಂದಿನ ಬಾಗಿಲಲ್ಲಿ ನಿಂತು “ಹಿಂದೆ ಸರೀರಿ” ಎಂದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರಬೇಕು. ಹೋದ ವರ್ಷ ಆ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಡಾಕ್ಟರು ಗಂಟು ತೆಗೆದರು, ಜೀವ ಉಳಿಯಿತು. ಆದರೆ ದನಿ ಹುಟ್ಟಿಸುವ ಎರಡು ಎಳೆಗಳಲ್ಲಿ ಒಂದು ಅಲುಗಾಡುವುದನ್ನೇ ಬಿಟ್ಟಿತು. ಈಗ ಅವನ ಮಾತು ಬಟ್ಟೆ ಮಡಚುವಾಗ ಬರುವ ಸದ್ದಿನಷ್ಟು. ಉಳಿಸಿಕೊಟ್ಟ ದೇವರಿಗೆ ಅವಳು ದಿನಾ ಕೈಮುಗಿಯುತ್ತಿದ್ದಳು. ದನಿಯ ಬಗ್ಗೆ ತಕರಾರು ಹೇಳುವುದು ಕೃತಘ್ನತೆ ಎಂದು ಆ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಮನೆಯಲ್ಲಿ ಅವನು ಮಾತಾಡುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೂರು ಯಂತ್ರ, ಬಂದುಹೋಗುವ ಗಿರಾಕಿಗಳು, ಅಳತೆ ಕೊಡುತ್ತಾ ನಿಂತ ಹೆಂಗಸರು. ಅವರೆದುರು ಆ ತೆಳುವಾದ ದನಿ ತೆಗೆಯಲು ಅವನಿಗೆ ನಾಚಿಕೆ. ಅವನು ಬಾಯಿ ಬಿಡುತ್ತಿದ್ದದ್ದು ಒಂದೇ ಜಾಗದಲ್ಲಿ, ಕಾರಿನಲ್ಲಿ, ಗುರುವಾರ. ಅವತ್ತು ಅವಳು ಅಂಗಡಿ ಬಾಗಿಲು ಹಾಕಿ, ಅವನನ್ನು ಊರಾಚೆಯ ಆಸ್ಪತ್ರೆಗೆ, ಮಾತಿನ ಟೀಚರ ಹತ್ತಿರ ಕರೆದುಕೊಂಡು ಹೋಗಬೇಕು. ಹೋಗುವುದಕ್ಕೆ ನಲವತ್ತು ನಿಮಿಷ, ಬರುವುದಕ್ಕೆ ನಲವತ್ತು. ಅಷ್ಟು ಹೊತ್ತೂ ಗಂಡ ಬಸ್ಸಿನ ಕಥೆ, ಬೀದಿಯ ಕಥೆ, ಮುಂದಿನ ಗಾಡಿಯವನ ಮೇಲಿನ ದೂರು, ಎಲ್ಲವನ್ನೂ ಆ ಮಡಚುವ ಸದ್ದಿನಲ್ಲೇ ಹೇಳುತ್ತಿದ್ದ. ಟೀಚರು ಕೊಟ್ಟ ವ್ಯಾಯಾಮಕ್ಕಿಂತ ಅದೇ ಅವನ ವ್ಯಾಯಾಮವಾಗಿತ್ತು.

ಹಾಗಿದ್ದಾಗ ಕಾರಿನ ಟೈರು ಸವೆದವು.

ಅವಳ ಮೈದುನ ಎಲ್ಲದಕ್ಕೂ ಒಬ್ಬ ಫ್ರೆಂಡ್ ಇರುವ ಮನುಷ್ಯ. ಕನ್ನಡಕಕ್ಕೆ ಒಬ್ಬ, ನಲ್ಲಿ ರಿಪೇರಿಗೆ ಒಬ್ಬ, ಟೈರಿಗೆ ಒಬ್ಬ. “ಅತ್ತಿಗೆ, ನೀವು ತಲೆ ಕೆಡಿಸ್ಕೋಬೇಡಿ” ಎಂದು ಕಾರು ತೆಗೆದುಕೊಂಡು ಹೋದವನು ಸಂಜೆ ವಾಪಸ್ ತಂದಾಗ ಅದಕ್ಕೆ ಅಗಲವಾದ, ದಪ್ಪ ದಪ್ಪ ರಬ್ಬರು ಗಟ್ಟಿಗಳಿರುವ, ಕಾಡುಮೇಡು ಹತ್ತುವ ಗಾಡಿಯ ಟೈರು ಹಾಕಿಸಿದ್ದ. ಪುಟ್ಟ ಕಾರು ಅಪ್ಪನ ಬೂಟಿನೊಳಗೆ ಕಾಲಿಟ್ಟ ಮಗುವಿನ ಹಾಗೆ ನಿಂತಿತ್ತು.

“ಹೇಗಿದೆ? ಈಗ ಗಾಡಿಗೊಂದು ಗತ್ತು ಬಂತು ನೋಡಿ.”

“ನಾವು ಆಸ್ಪತ್ರೆಗೆ ಹೋಗೋದಪ್ಪ, ಬೇಟೆಗಲ್ಲ” ಎಂದಳು ಅವಳು. ಆದರೂ ಪುಕ್ಕಟೆ ಓಡಾಡಿದವನ ಮುಖಕ್ಕೆ ಹೊಡೆದಂತೆ ಹೇಳಬಾರದೆಂದು ಒಂದು ಲೋಟ ಚಹಾ ಮಾಡಿಕೊಟ್ಟಳು.

ನಲವತ್ತರ ವೇಗ ದಾಟಿದ್ದೇ ತಡ, ಆ ಟೈರು ಗುಂಯ್ ಎನ್ನಲು ಶುರುಮಾಡಿತು. ಅರವತ್ತಕ್ಕೆ ಹೋ ಎಂದು ಒಂದೇ ಸಮ ಊಳಿಡುತ್ತಿತ್ತು. ಎರಡನೆಯ ಗುರುವಾರ ರಸ್ತೆ ಬದಿಯ ಏನನ್ನೋ ನೋಡಿ ಗಂಡ ನಕ್ಕು ಏನೋ ಹೇಳಿದ.

“ಏನಂದ್ರಿ?”

ಅವನು ಮತ್ತೆ ಹೇಳಿದ.

“ಕೇಳಿಸ್ಲಿಲ್ಲ ರೀ, ಏನು?”

ಅವನು ಕುತ್ತಿಗೆಯ ನರ ಉಬ್ಬಿಸಿ ಮೂರನೆಯ ಸಲ ಹೇಳಿ, ಕೆಮ್ಮಿದ. ಅವಳಿಗೆ ಕೇಳಿಸಿದ್ದು ಟೈರು ಮಾತ್ರ. “ಏನು?” ಎಂದಳು. ಅವನು ಕೈ ಬೀಸಿ ‘ಬಿಡು’ ಎಂಬಂತೆ ಕಿಟಕಿಯ ಕಡೆ ತಿರುಗಿದ. ಅವತ್ತಿನಿಂದ ಕಾರಿನಲ್ಲೂ ಬಾಯಿ ಮುಚ್ಚಿತು.

ಒಂದು ತಿಂಗಳಾದ ಮೇಲೆ ಮಾತಿನ ಟೀಚರು ಅವಳನ್ನು ಪಕ್ಕಕ್ಕೆ ಕರೆದು, “ಅಮ್ಮ, ಇವರು ಈಚೆಗೆ ಮಾತಾಡ್ತಿಲ್ಲ ಅಲ್ವಾ? ಬಂದಿದ್ದೂ ಹಿಂದೆ ಹೋಗ್ತಿದೆ. ಈ ದನಿ ಬಳಸದೇ ಇದ್ರೆ ಉಳಿಯಲ್ಲ. ಜೋರಾಗಿ ಹೇಳಿ ಅಂತ ಮಾತ್ರ ಒತ್ತಾಯ ಮಾಡ್ಬೇಡಿ, ಅದು ಇನ್ನೂ ಕೆಟ್ಟದ್ದು” ಎಂದರು. ತಾನು ಅಂದ ಒಂದೊಂದು ‘ಏನು?’ ಕೂಡ ಆ ಗಂಟಲಿಗೆ ಚುಚ್ಚಿದ ಸೂಜಿ ಎಂದು ಅವಳಿಗೆ ಆಗ ಗೊತ್ತಾಯಿತು.

ಟೈರು ಬದಲಾಯಿಸಲೇಬೇಕು, ಕೈಗೆಟುಕುವ ಬೆಲೆಯಲ್ಲಿ, ಸದ್ದು ಮಾಡದಂಥದ್ದು. ಕೇಳುವುದಕ್ಕೆ ಎಷ್ಟು ಸಣ್ಣ ಆಸೆ!

ಮೈದುನ, “ಹೊಸ ಟೈರು ಅತ್ತಿಗೆ, ಸೆಟ್ ಆಗ್ಬೇಕು. ಅಲ್ಲಿವರೆಗೆ ಹಾಡು ಹಾಕ್ಕೊಳ್ಳಿ” ಎಂದ. ಸದ್ದಿಗೆ ಮದ್ದು ಇನ್ನೊಂದು ಸದ್ದು! ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿದಳು.

ಗಾಜಿನ ಬಾಗಿಲಿನ ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ಒಳಗಡೆ ಸ್ಪಂಜು ಅಂಟಿಸಿದ ಟೈರು ತೋರಿಸಿದ. “ಮೇಡಂ, ಇದನ್ನ ಹಾಕ್ಸಿದ್ರೆ ನಿಮ್ಮ ಉಸಿರೇ ನಿಮಗೆ ಕೇಳ್ಸುತ್ತೆ.” ಬೆಲೆ ಕೇಳಿದಾಗ ಅವಳ ಉಸಿರು ನಿಜಕ್ಕೂ ಅವಳಿಗೇ ಕೇಳಿಸಿತು. ಇನ್ನೂ ಕಡಿಮೆಯದು ಇಲ್ಲವೇ ಎಂದದ್ದಕ್ಕೆ ಅವನು ಮೆಲ್ಲಗೆ, “ಟೈರು ಅಂದ್ಮೇಲೆ ಸ್ವಲ್ಪ ಸದ್ದು ಇದ್ದೇ ಇರುತ್ತೆ. ಒಂದ್ಸಲ ಕಿವಿ ತೋರಿಸ್ಕೊಂಡ್ರೆ ಒಳ್ಳೇದೇನೋ” ಎಂದ. ಐವತ್ತು ದಾಟಿದ ಹೆಂಗಸು ಅಂಗಡಿಗೆ ಬಂದರೆ ಕೆಟ್ಟಿರುವುದು ಸಾಮಾನಲ್ಲ, ಆ ಹೆಂಗಸೇ ಎಂದು ಇವರಿಗೆ ಯಾರು ಹೇಳಿಕೊಡುತ್ತಾರೋ.

ಇನ್ನೊಂದು ಅಂಗಡಿ ಗೋದಾಮಿನ ಹಾಗಿತ್ತು. ಅದರ ಯಜಮಾನ ಟೈರಿನ ಮೇಲಿನ ಚೀಟಿ ತೋರಿಸಿದ. ಅದರಲ್ಲಿ ಸದ್ದಿನ ಅಳತೆಯೇ ಅಚ್ಚಾಗಿತ್ತು, ಒಂದಕ್ಕೆ ಎಪ್ಪತ್ತು, ಇನ್ನೊಂದಕ್ಕೆ ಎಪ್ಪತ್ತೆರಡು. ಅಳತೆ ಎಂದರೆ ಅವಳಿಗೆ ಜೀವ. ಹತ್ತು ದಿನ ಎಲ್ಲೆಲ್ಲಿಯೋ ಓಡಾಡಿ, ಫೋನಿನಲ್ಲಿ ಹುಡುಕಿ, ಕತ್ತರಿ ಹಾಕುವ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಆ ಸಂಖ್ಯೆಗಳನ್ನೆಲ್ಲ ಬರೆದಳು. ಗಿರಾಕಿಯೊಬ್ಬಳು, “ಇದ್ಯಾರ ಸುತ್ತಳತೆ ಟೈಲರಮ್ಮ? ಎಪ್ಪತ್ತೆರಡು!” ಎಂದು ಗಾಬರಿಯಾದಳು.

ಕೊನೆಗೆ ಅತಿ ಕಡಿಮೆ ಸಂಖ್ಯೆಯದನ್ನು ಆರಿಸಿ ಅದೇ ಗೋದಾಮಿಗೆ ಹೋದರೆ, ಯಜಮಾನ ಬಿಲ್ಲು ಬರೆಯುತ್ತಾ ಬರೆಯುತ್ತಾ ಹೇಳಿದ. “ಅಕ್ಕ, ಆದ್ರೆ ಇದು ಹೊರಗಡೆ ಅಳೆದಿದ್ದು.”

“ಹೊರಗಡೆ ಅಂದ್ರೆ?”

“ಗಾಡಿ ಹೋಗೋವಾಗ ರಸ್ತೆ ಬದಿಗೆ ಯಂತ್ರ ಇಟ್ಟು ಅಳೀತಾರೆ. ಒಳಗೆ ಕೂತವರಿಗೆ ಎಷ್ಟು ಕೇಳುತ್ತೋ, ಅದು ಬೇರೆ ಲೆಕ್ಕ.”

“ಅಂದ್ರೆ ನಾನು ಹತ್ತು ದಿನದಿಂದ ಬರ್ಕೊಂಡಿದ್ದು ಫುಟ್‌ಪಾತಲ್ಲಿ ನಿಂತೋರ ಕಿವೀದಾ?”

“ಹೂಂ… ಒಂಥರಾ ಹಂಗೇನೇ.”

“ಅದನ್ನ ಮೊದಲ ದಿನವೇ ಹೇಳೋಕೆ ನಿಮ್ಮ ನಾಲಿಗೆಗೆ ಏನಾಗಿತ್ತು?”

“ನೀವು ಕೇಳ್ಲಿಲ್ವಲ್ಲಕ್ಕ.”

ಬಿಲ್ಲು ಅಲ್ಲೇ ಬಿಟ್ಟು ಬಂದಳು. ಮನೆಗೆ ಬಂದವಳೇ ಒದ್ದೆ ಬಟ್ಟೆಯಿಂದ ಮೇಜಿನ ಅಂಚು ಒರೆಸಿದಳು, ಮರದ ಬಣ್ಣವೇ ಕಿತ್ತುಬರುವ ಹಾಗೆ. ಗಂಡ ಬಾಗಿಲಲ್ಲಿ ನಿಂತು ನೋಡಿದ. ಹುಬ್ಬೆತ್ತಿ ಕೇಳಿದ, ದನಿಯೆತ್ತಿ ಅಲ್ಲ. ಆ ಹುಬ್ಬು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕಡ್ಡಿ ಹಿಡಿದು ಮುಂದಿನ ಚಕ್ರದ ಎದುರು ಕೂತಿದ್ದಳು. ಸಿಟ್ಟು ಆರಿರಲಿಲ್ಲ. ಕಲ್ಲು ಕೀಳುತ್ತಾ ಕೀಳುತ್ತಾ ಅಂಗೈ ಟೈರಿನ ಮೇಲೆ ಹಾದುಹೋಯಿತು. ಮೇಲಿನಿಂದ ಕೆಳಗೆ ಸವರಿದಾಗ ನುಣುಪು. ಕೆಳಗಿನಿಂದ ಮೇಲೆ ಸವರಿದಾಗ ಗಟ್ಟಿಗಳ ಅಂಚು ಗರಗಸದ ಹಾಗೆ ಕೈಗೆ ತಡೆಯಿತು. ಅವಳು ತಿರುಗಿ ಸವರಿದಳು. ಇನ್ನೊಂದು ಚಕ್ರಕ್ಕೆ ಹೋಗಿ ಸವರಿದಳು. ಅಲ್ಲೂ ಅದೇ.

ಇದು ಅವಳ ಕೈಗೆ ಗೊತ್ತಿದ್ದ ವಿಷಯ. ಮಖಮಲ್ಲಿನ ಎಳೆ ಒಂದು ದಿಕ್ಕಿಗೆ ಮಲಗಿರುತ್ತದೆ. ಹಿಂದುಮುಂದಾಗಿ ಸವರಿದರೆ ಏಳುತ್ತದೆ. ಗೀರು ಗೀರಿನ ದಪ್ಪ ಕಾರ್ಡುರಾಯ್ ಪ್ಯಾಂಟು ತೊಟ್ಟು ನಡೆದರೆ ತೊಡೆಗೆ ತೊಡೆ ತಾಗಿ ಸರಬರ ಎನ್ನುತ್ತದೆ. ತೆಳು ಹತ್ತಿ ಬಟ್ಟೆ ತೊಟ್ಟವನು ಬೆಕ್ಕಿನಂತೆ ಬರುತ್ತಾನೆ. ಈ ಬಡಪಾಯಿ ಕಾರಿಗೆ ದಪ್ಪ ಗೀರಿನ ಬಟ್ಟೆ ಹೊಲಿಸಿದ್ದಾರೆ, ಅದೂ ಎರಡು ಅಳತೆ ದೊಡ್ಡದು, ಅದೂ ಬೇಗ ಬೇಗ ಓರೆಯಾಗಿ ಸವೆಯುತ್ತಿದೆ. ಕೂಗದೆ ಏನು ಮಾಡೀತು? ಮೂವತ್ತು ವರ್ಷ ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡಿಯೇ ಖರೀದಿಸಿದವಳು, ಟೈರನ್ನು ಚೀಟಿ ಓದಿ ಕೊಳ್ಳಲು ಹೊರಟಿದ್ದಳಲ್ಲ, ಅವಳ ತಲೆಗೆ ಅವಳೇ ಮೊಟಕಿಕೊಂಡಳು.

ಹಾಗಾದರೆ ಈ ಕಾರಿನ ಟೈರಿನ ನಿಜವಾದ ಅಳತೆ ಎಷ್ಟು? ಡ್ರೈವರ್ ಕಡೆಯ ಬಾಗಿಲು ತೆಗೆದರೆ, ಬಾಗಿಲು ಕೂರುವ ಚೌಕಟ್ಟಿನಲ್ಲಿ, ಧೂಳು ಮುಚ್ಚಿದ ಒಂದು ಸಣ್ಣ ಪಟ್ಟಿಯಲ್ಲಿ ಅದು ಅಚ್ಚಾಗಿಯೇ ಇತ್ತು. ಒಂಬತ್ತು ವರ್ಷದಿಂದ ಅವಳ ಮೊಣಕೈಗೆ ತಾಗುತ್ತಿದ್ದ ಪಟ್ಟಿ.

ಗೋದಾಮಿನ ಯಜಮಾನ ಅವಳನ್ನು ನೋಡಿ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟ. “ಮತ್ತೆ ಬಂದ್ರಾ ಅಕ್ಕ?”

“ಮತ್ತೆ ಬಂದೆ. ಈ ಸೈಜಿಂದು ಎಷ್ಟಿದೆ, ಎಲ್ಲಾ ತೆಗೀರಿ.”

ಅವಳು ಅಳತೆ ಬರೆದು ತಂದ ಚೀಟಿ ನೋಡಿ ಅವನು ಮುಖ ಕಿವುಚಿದ. “ಇಷ್ಟು ಕಿರಿದು ಈಗ್ಯಾರು ಹಾಕಿಸ್ತಾರೆ? ಟ್ಯಾಕ್ಸಿಯೋರು ಬಿಟ್ರೆ. ಲುಕ್ಕೇ ಇರಲ್ಲ.”

“ಲುಕ್ ನೋಡೋರು ಹೊರಗಿರ್ತಾರೆ. ನಾನು ಒಳಗಿರ್ತೀನಿ.” ಸ್ವಲ್ಪ ನಿಂತು ಕೇಳಿದಳು, “ಟ್ಯಾಕ್ಸಿಯೋರು ಇದನ್ನೇ ಯಾಕೆ ಕೇಳ್ತಾರೆ?”

“ಬೆಲೆ ಕಮ್ಮಿ. ಮತ್ತೆ ದಿನವಿಡೀ ಅದರಲ್ಲೇ ಕೂತಿರ್ತಾರಲ್ಲ, ತಲೆನೋವು ಬರಬಾರ್ದು ಅಂತಾರೆ.”

ಅವಳು ಅವನನ್ನು ನೋಡಿದ ನೋಟಕ್ಕೆ ಅವನು ತಾನಾಗಿಯೇ, “ಇದನ್ನೂ ನೀವು ಕೇಳಿರ್ಲಿಲ್ಲ” ಎಂದ.

ಹಿಂದಿನ ಸಾಲಿನಲ್ಲಿ ನಾಲ್ಕು ಬಗೆ ಸಿಕ್ಕವು. ಅವಳು ಕನ್ನಡಕ ತೆಗೆದು ಸೆರಗಿಗೆ ಸಿಕ್ಕಿಸಿ, ಒಂದೊಂದನ್ನೂ ಎರಡೂ ದಿಕ್ಕಿಗೆ ಸವರಿದಳು, ಉಗುರಿನಿಂದ ಒತ್ತಿದಳು, ಸಂದಿಗಳನ್ನು ಎಣಿಸಿದಳು. ಒಂದರಲ್ಲಿ ಗಟ್ಟಿಗಳೆಲ್ಲ ಒಂದೇ ಅಳತೆ. ಇನ್ನೊಂದರಲ್ಲಿ ಒಂದು ಸಣ್ಣದು, ಒಂದು ದೊಡ್ಡದು, ಸೋಮಾರಿ ಟೈಲರು ಹಾಕಿದ ನೆರಿಗೆಯ ಹಾಗೆ.

“ಇದೇನ್ರೀ, ಒಂದರಂತೆ ಒಂದಿಲ್ಲ?”

“ಬೇಕಂತ್ಲೇ ಹಂಗೆ ಮಾಡ್ತಾರೆ. ಎಲ್ಲಾ ಒಂದೇ ಸಮ ಇದ್ರೆ ಒಂದೇ ರಾಗ ಹಿಡಿದು ಕೂಗುತ್ತೆ.” ಈಗ ಅವನಿಗೂ ಹುರುಪು ಬಂದಿತ್ತು. “ಅಕ್ಕ, ಇಷ್ಟು ವರ್ಷದಲ್ಲಿ ಟೈರನ್ನ ಸೀರೆ ಥರಾ ನೋಡಿದೋರು ನೀವೊಬ್ರೇ.”

ಆ ನೆರಿಗೆ ಕೆಟ್ಟ ಟೈರನ್ನೇ ಹಾಕಿಸಿದಳು. ಕಾಡಿನ ಟೈರುಗಳನ್ನು ಅವನು ಹಳೇ ಮಾಲಿನ ಬೆಲೆಗೆ ತಾನೇ ತೆಗೆದುಕೊಂಡ.

ಗುರುವಾರ ಊರು ದಾಟಿ ಕಾರು ಅರವತ್ತು ಮುಟ್ಟಿತು. ಸದ್ದು ಪೂರ್ತಿ ಹೋಗಿರಲಿಲ್ಲ. ಸೇತುವೆಯ ಮೇಲೆ ದಡಬಡ ಎಂದಿತು, ಒರಟು ಡಾಂಬರಿನ ಮೇಲೆ ಸ್ವಲ್ಪ ಗೊಣಗಿತು. ಆದರೆ ಆ ಊಳು ಇರಲಿಲ್ಲ. ಅವಳು ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕಾದಳು. ಐದು ನಿಮಿಷ. ಹತ್ತು ನಿಮಿಷ. ಪಕ್ಕದವನು ಕಿಟಕಿಯ ಕಡೆಗೇ ನೋಡುತ್ತಿದ್ದ. ಇಷ್ಟೆಲ್ಲ ಒದ್ದಾಡಿದ್ದು ಈ ಮೂಕಬಸವನಿಗಾಗಿಯೇ ಎನಿಸಿ ಅವಳ ಕಣ್ಣು ಉರಿಯಿತು.

“ಇಂಡಿಕೇಟರ್ ಆರಿಸು” ಎಂದ ಗಂಡ.

ಅವಳಿಗೆ ಕೇಳಿಸಿತು. ಒಂದೇ ಸಲಕ್ಕೆ.

“ಆರಿಸ್ದೆ.”

ಅವನು ಅವಳ ಕಡೆ ತಿರುಗಿದ. ಆಮೇಲೆ, ಕಟ್ಟೆ ಒಡೆದ ಹಾಗೆ, ಗೇರು ಯಾಕೆ ಇಳಿಸಲಿಲ್ಲ, ಆ ಲಾರಿಯ ಹಿಂದೆ ಯಾಕೆ ಅಂಟಿಕೊಂಡಿದ್ದೀಯ, ಬ್ರೇಕು ಇಷ್ಟು ತಡವಾಗಿ ಒತ್ತುವುದೇ, ಎಂದು ಎರಡು ತಿಂಗಳ ತಪ್ಪುಗಳನ್ನೆಲ್ಲ ಪಟ್ಟಿ ಹೇಳತೊಡಗಿದ. ಮಡಚುವ ಸದ್ದಿನ ಆ ದನಿಯಲ್ಲಿ ಒಂದಕ್ಷರವೂ ತಪ್ಪದೆ ಕೇಳಿಸಿತು. ಅವಳಿಗೆ ಸಾಕುಸಾಕಾಯಿತು.

“ಅದಿರ್ಲಿ, ಅವತ್ತು ಮೂರು ಸಲ ಏನೋ ಹೇಳಿದ್ರಲ್ಲ, ಏನದು? ಅದೇ ಯೋಚನೇಲಿ ನಂಗೆ ನಿದ್ದೆ ಇಲ್ಲ.”

“ಅದಾ? ಟೈಲರ್ ಅಂಗಡಿ ಬೋರ್ಡು. ‘ಹಳೆಯ ಗಂಡಸರ ಕೋಟು ರಿಪೇರಿ.’ ಕೋಟು ಹಳೇದಲ್ವಂತೆ, ಗಂಡಸರು ಹಳಬರಂತೆ. ನನ್ನನ್ನೂ ಅಲ್ಲೇ ಬಿಡು, ಅಂದೆ.”

“ಇಷ್ಟೇನಾ!”

“ಜೋಕನ್ನ ಮೂರು ಸಲ ಹೇಳಿದ್ಮೇಲೆ ಇನ್ನೇನು ಉಳಿಯುತ್ತೆ? ಅವಮಾನ ಆಯ್ತು, ಸುಮ್ಮನಾದೆ.”

ಅವಳು ನಗಲೋ ಬಯ್ಯಲೋ ತಿಳಿಯದೆ ಎರಡನ್ನೂ ಮಾಡಿದಳು.

ಆರು ವಾರ ಕಳೆಯಿತು. ಮಾತಿನ ಟೀಚರು ಈಗ ಅವಳನ್ನು ಪಕ್ಕಕ್ಕೆ ಕರೆಯುತ್ತಿರಲಿಲ್ಲ. ಒಂದು ಸಂಜೆ ಮೈದುನ ಬಂದವನು ಕಾರಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ. “ಇದೇನತ್ತಿಗೆ, ಸೈಕಲ್ ಟೈರ್ ಹಾಕಿಸಿದೀರಾ? ನಾನು ತಂದಿದ್ದು ನಿಮಗೆ ಇಷ್ಟ ಆಗ್ಲಿಲ್ಲ ಅಂತ ಹೇಳ್ಬಹುದಿತ್ತು.” ಮುಖ ನಿಜಕ್ಕೂ ಸಣ್ಣದಾಗಿತ್ತು. ಅವಳು ಅವನನ್ನು ಒಳಗೆ ಕರೆದು ಕೂರಿಸಿದಳು.

ಒಂದು ಯಂತ್ರದ ಮೇಲೆ ಬಾಕಿ ಬಿದ್ದ ಬಟ್ಟೆಯ ರಾಶಿ ನೋಡಿ ಅವನ ಮನಸ್ಸು ಕರಗಿತು. ಕೆಟ್ಟವನಲ್ಲ ಅವನು.

“ಅತ್ತಿಗೆ, ಒಂದು ಮಾತು. ನಂಗೆ ಗುರುವಾರ ಕೆಲಸ ಕಮ್ಮಿ. ಇನ್ಮೇಲೆ ಅಣ್ಣನ್ನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನನ್ನ ದೊಡ್ಡ ಗಾಡೀಲಿ ಆರಾಮಾಗಿ. ನಿಮಗೂ ಅರ್ಧ ದಿನ ಮಿಗುತ್ತೆ, ಅಂಗಡಿ ಬಾಗಿಲು ಹಾಕೋದು ತಪ್ಪುತ್ತೆ.”

ಅರ್ಧ ದಿನ ಎಂದರೆ ಎರಡು ಜೊತೆ ಬಟ್ಟೆ. ಅವಳು ರಾಶಿಯನ್ನೊಮ್ಮೆ ನೋಡಿದಳು. ಒಳಗಿನ ಬಾಗಿಲಲ್ಲಿ ಗಂಡ ನಿಂತಿದ್ದ.

“ಬೇಡಪ್ಪ” ಎಂದಳು. “ನೀನು ಹೇಳಿದ್ದೇ ಸಾಕು. ಗುರುವಾರ ನಂಗೆ ಬೇಕು.”